ಮನೆಯ ಕೋಣೆಯಲ್ಲಿ ಒಳ್ಳೆಯ ಧ್ವನಿಮುದ್ರಣ

(ಅಲ್ ಗರಾಫಾದ ಕನ್ನಡ ಕುಟುಂಬಗಳ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಧ್ವನಿಮುದ್ರಣವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಗಾಜಿನ ಗೋಡೆಯಾಚೆ ಕುಳಿತ ತಂತ್ರಜ್ಞ, ನೂರಾರು ಗುಂಡಿಗಳ ಮೇಜು, ಸದ್ದಡಗಿದ ಕೋಣೆ. ಅಂಥದ್ದು ತಮ್ಮ ಮನೆಯಲ್ಲಿಲ್ಲವಾದ್ದರಿಂದ ಒಳ್ಳೆಯ ಮುದ್ರಣವೂ ಸಾಧ್ಯವಿಲ್ಲವೆಂದು ಬಹಳ ಮಂದಿ ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನ ಸರಿಯಲ್ಲವೆಂಬುದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲೇ ಸಾಕ್ಷ್ಯವಿದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ಬಾನುಲಿ ಪ್ರಸಾರವನ್ನು ಆರಂಭಿಸಿದ್ದು ಯಾವ ಸರಕಾರಿ ಭವನದಲ್ಲೂ ಅಲ್ಲ, ತಮ್ಮ ಸ್ವಂತ ಮನೆಯಲ್ಲಿ. ಅಲ್ಪ ಸಾಮರ್ಥ್ಯದ ಆ ಮನೆಯ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರಿತ್ತು. ಮುಂದೆ ಇಡೀ ದೇಶದ ಬಾನುಲಿ ಸಂಸ್ಥೆ ಅದೇ ಹೆಸರನ್ನು ತನ್ನದಾಗಿಸಿಕೊಂಡಿತು.

ಇನ್ನೂ ಹಿಂದಕ್ಕೆ ಹೋಗೋಣ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡದ್ದು ಹೋಟೆಲೊಂದರ ಕೋಣೆಯಲ್ಲಿ. ಆಗ ಮೈಕ್ ಕೂಡ ಇರಲಿಲ್ಲ. ಒಂದು ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಾಗಿತ್ತು. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳಿಕೊಳ್ಳುವುದು ಆ ತಟ್ಟೆಗಳಲ್ಲಿ ಇಂದಿಗೂ ಕೇಳಿಸುತ್ತದೆ. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಲಿ ಎಂಬುದು ಇದರ ಉದ್ದೇಶ. ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರಿನ ಆಸ್ಥಾನದ ಆಶ್ರಯದಲ್ಲಿ ಕಳೆದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹೆಸರು ಹೇಳುವ ಈ ಪದ್ಧತಿಯ ಮಾತನ್ನು ಮತ್ತೆ ಎತ್ತುತ್ತೇನೆ, ನೆನಪಿನಲ್ಲಿಡಿ.

ನಮಗೇಕೆ ಈ ಉಸಾಬರಿ, ಪೇಟೆಯಲ್ಲಿ ಬೇಕಾದಷ್ಟು ಸಂಗೀತ ಸಿಗುವುದಲ್ಲ ಎಂದು ಕೆಲವರು ಕೇಳಬಹುದು. ಪೇಟೆಯಲ್ಲಿ ಸಿಗದ ಸಂಗೀತದ ಮಾತನ್ನೇ ನಾನು ಆಡುತ್ತಿದ್ದೇನೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದು ನಮ್ಮ ಜನಪದ ಸಾಹಿತ್ಯಕ್ಕೆ ಮಾಡಿದ ಉಪಕಾರ ಅಷ್ಟಿಷ್ಟಲ್ಲ. ಆದರೆ ಪುಸ್ತಕದಲ್ಲಿ ಉಳಿಯುವುದು ಮಾತು ಮಾತ್ರ. ಯಾವ ಅಕ್ಷರವನ್ನು ಎಷ್ಟು ಎಳೆಯಬೇಕು, ಉಸಿರು ಎಲ್ಲಿ ನಿಲ್ಲಬೇಕು, ಬೀಸುವ ಕಲ್ಲಿನ ಸುತ್ತಿಗೆ ಸಾಲು ಹೇಗೆ ಹೊಂದುತ್ತದೆ ಎಂಬುದನ್ನು ಅಚ್ಚಿನ ಮೊಳೆ ಹೇಳಲಾರದು. ನಮ್ಮ ಮನೆಗಳಿಗೆ ಪ್ರತಿ ವರ್ಷ ಚಳಿಗಾಲದಲ್ಲಿ ಊರಿನಿಂದ ತಾಯಂದಿರು, ಅತ್ತೆಯವರು ಬರುತ್ತಾರೆ. ಅವರ ಬಾಯಲ್ಲಿ ಹಸೆಗೆ ಕರೆಯುವ ಹಾಡಿದೆ, ಆರತಿ ಹಾಡಿದೆ, ಸೋಬಾನೆಯಿದೆ. ಕರಾವಳಿಯವರಾದರೆ ಗದ್ದೆಯಲ್ಲಿ ಕಲಿತ ಪಾಡ್ದನವಿದೆ. ಭೇಟಿಯ ವೀಸಾ ಮುಗಿದೊಡನೆ ಅವರು ಹೊರಡುತ್ತಾರೆ. ಮರುವರ್ಷ ಬಂದಾರೆಂಬ ಭರವಸೆ ಎಲ್ಲ ಸಲವೂ ಇರುವುದಿಲ್ಲ.

ನಾನು ಬಲ್ಲ ಒಂದು ಕುಟುಂಬದವರು ತಮ್ಮ ಅಜ್ಜಿಯ ಹಾಡುಗಳನ್ನು ಊಟದ ಮೇಜಿನ ಮೇಲೆ ಫೋನಿಟ್ಟು ಮುದ್ರಿಸಿಕೊಂಡರು. ಅಜ್ಜಿ ತೀರಿಹೋದ ಮೇಲೆ, ತಿಥಿಯ ದಿನ ಎಲ್ಲರೂ ಕೂಡಿ ಕೇಳಲೆಂದು ಹಾಕಿದಾಗ ಮೊದಲು ಕೇಳಿಸಿದ್ದು ಹವಾನಿಯಂತ್ರಕದ ಭೋರ್ಗರೆತ, ಫ್ರಿಜ್ಜಿನ ಗುಂಯ್ ಸದ್ದು, ಪಾತ್ರೆಗಳ ಸಪ್ಪಳ. ಇವೆಲ್ಲದರ ಆಚೆ, ಬಾವಿಯ ತಳದಿಂದಲೋ ಎಂಬಂತೆ ಅಜ್ಜಿಯ ದನಿ. ರಾಗ ತಿಳಿಯುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಆ ಹಾಡುಗಳನ್ನು ಬಲ್ಲವರು ಆ ಮನೆತನದಲ್ಲಿ ಬೇರೆ ಯಾರೂ ಇರಲಿಲ್ಲ.

ನಾವು ನೆಲಸಿರುವ ಈ ನಾಡಿನ ಜನರೂ ಇದೇ ಚಿಂತೆಯನ್ನು ಬಲ್ಲವರು. ಮುತ್ತು ತೆಗೆಯುವ ಹಡಗುಗಳಲ್ಲಿ ‘ನಹ್ಹಾಮ್’ ಎಂಬ ಗಾಯಕ ಹಾಡುತ್ತಿದ್ದ ಪದಗಳು ಆ ವೃತ್ತಿಯೊಡನೆಯೇ ಮರೆಯಾಗತೊಡಗಿದ್ದವು. ಆ ಗಾಯನದ ‘ಫಿಜಿರಿ’ ಪ್ರಕಾರ 2021ರಲ್ಲಿ ಬಹರೈನಿನ ಹೆಸರಿನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಅದರಲ್ಲಿ ತಾಳಕ್ಕೆ ಚಪ್ಪಾಳೆಯ ಜೊತೆಗೆ ‘ಜಹ್ಲಾ’ ಎಂಬ ಮಣ್ಣಿನ ಗಡಿಗೆಯನ್ನು ಬಾರಿಸುತ್ತಾರೆ. ನಮ್ಮ ಘಟದ ದೂರದ ನೆಂಟನೆಂದೇ ಹೇಳಬೇಕು. 2014ರಲ್ಲಿ ಆರಂಭವಾದ ಕತಾರ್ ಡಿಜಿಟಲ್ ಗ್ರಂಥಾಲಯದಲ್ಲಿ ಹಳೆಯ ಅರಬ್ಬಿ ಸಂಗೀತದ ಅರಗಿನ ತಟ್ಟೆಗಳ ಮುದ್ರಣಗಳನ್ನು ಯಾರು ಬೇಕಾದರೂ ಕೇಳಬಹುದು. ಅವರ ಹಾಡುಗಳಿಗೆ ಸಂಸ್ಥೆಗಳಿವೆ. ನಮ್ಮ ಅಜ್ಜಿಯರ ಹಾಡುಗಳಿಗೆ ಸದ್ಯಕ್ಕೆ ನಾವೇ.

ಈಗ ವಿಷಯಕ್ಕೆ ಬರೋಣ. ಒಳ್ಳೆಯ ಮುದ್ರಣಕ್ಕೆ ಮೊದಲು ಬೇಕಾದದ್ದು ಬೆಲೆಬಾಳುವ ಮೈಕ್ ಎಂಬುದು ಸಾಮಾನ್ಯ ತಪ್ಪುಕಲ್ಪನೆ. ಮೊದಲು ಬೇಕಾದದ್ದು ಕೋಣೆ. ನೀವು ಮುದ್ರಿಸುವುದು ಗಾಯಕರ ದನಿಯೊಂದನ್ನೇ ಅಲ್ಲ, ಆ ದನಿಗೆ ಕೋಣೆ ಕೊಡುವ ಉತ್ತರವನ್ನೂ ಕೂಡ. ಅಲ್ ಗರಾಫಾದ ನಮ್ಮ ವಿಲ್ಲಾಗಳ ಕೋಣೆಗಳನ್ನು ನೋಡಿ: ನೆಲಕ್ಕೆ ಹೊಳೆಯುವ ಟೈಲ್ಸು, ಗೋಡೆಗೆ ಸಿಮೆಂಟು, ಮೇಲೆ ನುಣುಪಾದ ಛಾವಣಿ. ಬಾಯಿಂದ ಹೊರಟ ಸ್ವರ ಇವುಗಳ ನಡುವೆ ಚೆಂಡಿನಂತೆ ಪುಟಿಯುತ್ತಲೇ ಇರುತ್ತದೆ. ಇದಕ್ಕೆ ಅನುರಣನ ಎನ್ನುತ್ತಾರೆ.

ಅನುರಣನವನ್ನು ಲೆಕ್ಕಕ್ಕೆ ತಂದವರು ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೆಸ್ ಸೇಬಿನ್. 1895ರಲ್ಲಿ ಅಲ್ಲಿಯ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ಹಲವು ಸೆಕೆಂಡುಗಳ ಕಾಲ ಮೊಳಗುತ್ತಿದ್ದು ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅದನ್ನು ಸರಿಪಡಿಸುವ ಕೆಲಸ ಈ ಯುವ ಅಧ್ಯಾಪಕರ ಪಾಲಿಗೆ ಬಂತು. ಹಗಲು ಸದ್ದುಗದ್ದಲವಿದ್ದುದರಿಂದ ಅವರು ರಾತ್ರಿಯ ಹೊತ್ತು ಸಮೀಪದ ನಾಟಕಶಾಲೆಯಿಂದ ಆಸನದ ಮೆತ್ತೆಗಳನ್ನು ಹೊತ್ತು ತಂದು, ಕೋಣೆಯಲ್ಲಿ ಒಂದೊಂದಾಗಿ ಹರಡಿ, ಆರ್ಗನ್ನಿನ ಕೊಳವೆಯೊಂದನ್ನು ಊದಿಸಿ, ನಾದ ಅಡಗಲು ಎಷ್ಟು ಹೊತ್ತು ಬೇಕೆಂದು ಅಳೆಯುತ್ತಿದ್ದರು. ಬೆಳಗಾಗುವುದರೊಳಗೆ ಮೆತ್ತೆಗಳು ಮತ್ತೆ ನಾಟಕಶಾಲೆಯಲ್ಲಿರಬೇಕು! ವಿಜ್ಞಾನದ ಒಂದು ಶಾಖೆಯೇ ಹೀಗೆ ಕಡ ತಂದ ಮೆತ್ತೆಗಳಿಂದ ಹುಟ್ಟಿತು. ಅವರು ಕಂಡುಕೊಂಡ ಸೂತ್ರ ಸರಳವಾದದ್ದು. ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಬಂದದ್ದನ್ನು ಕೋಣೆಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ ನಾದ ಅಡಗಲು ಬೇಕಾದ ಸೆಕೆಂಡುಗಳು ಸಿಗುತ್ತವೆ.

ನಾಲ್ಕು ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ, 2.8 ಮೀಟರ್ ಎತ್ತರದ ಕೋಣೆಯೊಂದನ್ನು ತೆಗೆದುಕೊಳ್ಳಿ. ಗಾತ್ರ 39.2 ಘನ ಮೀಟರ್. ನೆಲ, ಛಾವಣಿ, ಗೋಡೆಗಳೆಲ್ಲ ಕೂಡಿದರೆ 70 ಚದರ ಮೀಟರ್. ಬರಿಯ ಟೈಲ್ಸು ಮತ್ತು ಗಾರೆ ತಮಗೆ ತಾಗಿದ ನಾದದಲ್ಲಿ ನೂರಕ್ಕೆ ಮೂರು ಪಾಲನ್ನು ಹೀರುತ್ತವೆಂದು ಹಿಡಿದರೆ ಒಟ್ಟು ಹೀರಿಕೆ 2.1, ನಾದ ಅಡಗಲು ಮೂರು ಸೆಕೆಂಡು ಬೇಕು. ಬಾಗಿಲು, ಕಿಟಕಿ, ಕೋಣೆಯಲ್ಲಿರುವ ಮನುಷ್ಯರು ಇವೂ ಒಂದಷ್ಟನ್ನು ಹೀರುವುದರಿಂದ ವಾಸ್ತವದಲ್ಲಿ ಇದಕ್ಕಿಂತ ಕಡಿಮೆಯೇ ಇರುತ್ತದೆ. ಇರಲಿ, ಇದೇ ಕೋಣೆಗೆ ದಪ್ಪನೆಯ ರಜಾಯಿಗಳು, ನೆಲಗಂಬಳಿ, ಹಾಸಿಗೆ, ಮಡಿಕೆ ಮಡಿಕೆಯಾದ ಪರದೆ ಇವುಗಳನ್ನು ತುಂಬಿ ಹೀರಿಕೆಯನ್ನು 12ಕ್ಕೆ ಏರಿಸಿದಿರಾದರೆ ಅರ್ಧ ಸೆಕೆಂಡಿಗೆ ಬಂತು. ಗಾಯನಕ್ಕೆ ಅಷ್ಟು ಸಾಕು. ಅದಕ್ಕಿಂತಲೂ ಕಡಿಮೆ ಮಾಡಲು ಹೊರಟರೆ ಕೋಣೆ ಸತ್ತಂತಾಗಿ, ಹಾಡುವವರಿಗೆ ತಮ್ಮ ದನಿಯೇ ತಮಗೆ ಕೇಳಿಸದೆ ಗಂಟಲನ್ನು ಹಿಂಡತೊಡಗುತ್ತಾರೆ.

ಇದನ್ನೆಲ್ಲ ಕೊಂಡು ತರಬೇಕಾಗಿಲ್ಲ. ಹಾಡುವವರು ಬಟ್ಟೆ ತುಂಬಿದ ಬೀರುವಿನ ಬಾಗಿಲನ್ನು ತೆರೆದು, ಅದಕ್ಕೆ ಎದುರಾಗಿ ಕುಳಿತು ಹಾಡಲಿ. ನೇತುಹಾಕಿದ ಸೀರೆ, ಕೋಟುಗಳ ಸಾಲಿನಷ್ಟು ಚೆನ್ನಾಗಿ ನಾದವನ್ನು ಹೀರುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ಬೆನ್ನ ಹಿಂದೆ ಒಂದು ರಜಾಯಿ ಕಟ್ಟಿ. ಮೈಕ್ ನೋಡುವುದು ಹಾಡುವವರ ಮುಖವನ್ನೂ ಅವರ ಹಿಂದಿನ ಗೋಡೆಯನ್ನೂ ಎಂಬುದನ್ನು ಜನ ಮರೆಯುತ್ತಾರೆ. ಇನ್ನು ನಿಮ್ಮ ವಿಲ್ಲಾದಲ್ಲಿ ಅರಬ್ಬಿ ಪದ್ಧತಿಯ ಮಜ್ಲಿಸ್ ಕೋಣೆ ಇದ್ದರೆ ನೀವೇ ಭಾಗ್ಯವಂತರು. ಗೋಡೆಗುಂಟ ಮೆತ್ತೆ, ಒರಗುದಿಂಬು, ನೆಲದ ತುಂಬ ಜಮಖಾನ, ಭಾರವಾದ ಪರದೆ ಇರುವ ಇಂಥ ಕೋಣೆ, ನನ್ನ ಮಟ್ಟಿಗೆ, ಧ್ವನಿಮುದ್ರಣಕ್ಕೆಂದೇ ಕಟ್ಟಿಸಿದಂತಿರುತ್ತದೆ. ಗೋಡೆಗೆ ಮೊಟ್ಟೆಯ ತಟ್ಟೆಗಳನ್ನು ಅಂಟಿಸುವ ಹುಚ್ಚನ್ನು ಮಾತ್ರ ಬಿಟ್ಟುಬಿಡಿ. ಆ ತೆಳು ರಟ್ಟಿನಿಂದ ಆಗುವ ಪ್ರಯೋಜನ ಅತ್ಯಲ್ಪ, ಬೆಂಕಿಯ ಭಯ ಹೆಚ್ಚು.

ಕೋಣೆಯ ಎಲ್ಲಿ ಕೂರಬೇಕೆಂಬ ಪ್ರಶ್ನೆಯೂ ಇದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಮೂರೂವರೆ ಮೀಟರ್ ಅಂತರದ ಎರಡು ಗೋಡೆಗಳ ನಡುವೆ 98 ಹರ್ಟ್ಜ್‌ನ ನಾದದ ಒಂದು ಪೂರ್ಣ ಅಲೆ ಸರಿಯಾಗಿ ಹಿಡಿಸುತ್ತದೆ. ಒಂದು ಮನೆಯ ಶ್ರುತಿಯಲ್ಲಿ ಹಾಡುವ ಗಂಡಸಿನ ಮಂದ್ರ ಪಂಚಮವೂ ಅಷ್ಟೇ, 98! ಹೀಗಾಗಿ ಅಂಥ ಕೋಣೆಯ ನಟ್ಟನಡುವೆಯೋ ಗೋಡೆಗೆ ಆತುಕೊಂಡೋ ಕುಳಿತು ಹಾಡಿದರೆ ಆ ಒಂದು ಸ್ವರ ಮಾತ್ರ ಡೋಲಿನಂತೆ ಉಬ್ಬಿ ಕೇಳಿಸುತ್ತದೆ. ಗಾಯಕರ ತಪ್ಪೇನೂ ಇರುವುದಿಲ್ಲ. ಗೋಡೆಯಿಂದ ಕೋಣೆಯ ಮೂರನೆಯ ಒಂದು ಭಾಗದಷ್ಟು ದೂರಕ್ಕೆ ಸರಿದರೆ ಉಬ್ಬರ ಇಳಿಯುತ್ತದೆ. ಮೂಲೆಗಳಲ್ಲಿ ದಪ್ಪನೆಯ ಹಾಸಿಗೆಗಳನ್ನು ನಿಲ್ಲಿಸುವುದರಿಂದಲೂ ಸ್ವಲ್ಪ ಗುಣ ಕಾಣುತ್ತದೆ. ಸಾಧ್ಯವಿದ್ದಲ್ಲಿ ಚಚ್ಚೌಕದ ಕೋಣೆಯನ್ನು ಬಿಟ್ಟು ಉದ್ದಗಲ ಬೇರೆಬೇರೆ ಇರುವ ಕೋಣೆಯನ್ನು ಆರಿಸಿಕೊಳ್ಳಿ.

ಎರಡನೆಯ ವೈರಿ ಹೊರಗಿನ ಸದ್ದು. ಕತಾರಿನ ಬೇಸಗೆಯಲ್ಲಿ ಹವಾನಿಯಂತ್ರಕವಿಲ್ಲದೆ ಹಾಡಿರೆಂದು ಹೇಳುವಷ್ಟು ನಿರ್ದಯಿ ನಾನಲ್ಲ. ಕೋಣೆಯನ್ನು ಮೊದಲೇ ಚೆನ್ನಾಗಿ ತಂಪು ಮಾಡಿಟ್ಟು, ಯಂತ್ರವನ್ನು ಆರಿಸಿ, ಹತ್ತು ಹದಿನೈದು ನಿಮಿಷ ಮುದ್ರಿಸಿ. ಮತ್ತೆ ಹಾಕಿ, ಅಷ್ಟರಲ್ಲಿ ಒಂದು ಲೋಟ ಬಿಸಿನೀರು ಕುಡಿಯಲಿ. ಅಡಿಗೆಮನೆ ಪಕ್ಕದಲ್ಲೇ ಇದ್ದರೆ ಫ್ರಿಜ್ಜನ್ನೂ ಆರಿಸಬೇಕಾಗುತ್ತದೆ. ಹಾಗೆ ಮಾಡುವಾಗ ಕಾರಿನ ಕೀಲಿಯನ್ನು ಫ್ರಿಜ್ಜಿನೊಳಗೆ ಇಡುವುದು ಧ್ವನಿಮುದ್ರಕರ ಹಳೆಯ ಉಪಾಯ. ಕೀಲಿ ಹುಡುಕುವಾಗ ಫ್ರಿಜ್ಜಿನ ನೆನಪಾಗುತ್ತದೆ, ಮೀನೂ ಮೊಸರೂ ಉಳಿಯುತ್ತವೆ. ಗೋಡೆ ಗಡಿಯಾರವನ್ನು ಬೇರೆ ಕೋಣೆಗೆ ಸಾಗಿಸಿ. ಹೆಂಗಸರು ಗಾಜಿನ ಬಳೆಗಳನ್ನು ಸ್ವಲ್ಪ ಹೊತ್ತು ಮೇಲಕ್ಕೆ ಸರಿಸಿಕೊಂಡು ಕರವಸ್ತ್ರ ಸುತ್ತಿಕೊಂಡರೆ ಸಾಕು, ತೆಗೆಯಬೇಕಾಗಿಲ್ಲ.

ಸಮಯದ ಆಯ್ಕೆಯೂ ಮುಖ್ಯ. ಅಲ್ ಶಮಾಲ್ ರಸ್ತೆಯ ವಾಹನಗಳ ಸದ್ದು ವಾರದ ದಿನಗಳಲ್ಲಿ ಎಷ್ಟೊತ್ತಿಗೂ ಅಡಗುವುದಿಲ್ಲ. ಥಾನಿ ಬಿನ್ ಜಾಸಿಮ್ ಕ್ರೀಡಾಂಗಣದಲ್ಲಿ ಪಂದ್ಯವಿರುವ ಸಂಜೆಯಂತೂ ಸಮೀಪದವರು ಮುದ್ರಣದ ಯೋಚನೆಯನ್ನೇ ಮಾಡಬಾರದು. ಶುಕ್ರವಾರ ಬೆಳಗಿನ ಹೊತ್ತು ಊರೆಲ್ಲ ಮೌನವಾಗಿರುತ್ತದೆ. ಜುಮ್ಮಾ ಪ್ರಾರ್ಥನೆಗೆ ಜನ ಹೊರಡುವವರೆಗಿನ ಆ ಎರಡು ಮೂರು ಗಂಟೆ ನಮ್ಮ ಪಾಲಿಗೆ ಚಿನ್ನ. ದಿನಕ್ಕೆ ಐದು ಬಾರಿ ಮಸೀದಿಯಿಂದ ಕೇಳಿಬರುವ ಅಜಾನಿನ ಹೊತ್ತನ್ನು ಮೊದಲೇ ನೋಡಿಕೊಂಡು, ಆಗ ಹಾಡನ್ನೂ ವಾದ್ಯವನ್ನೂ ನಿಲ್ಲಿಸಿ ಕೂರುವುದು ಮುದ್ರಣಕ್ಕೂ ಒಳ್ಳೆಯದು, ನೆರೆಹೊರೆಯ ಮರ್ಯಾದೆಗೂ ತಕ್ಕದ್ದು. ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ. ಮೃದಂಗದ ಪೆಟ್ಟು ಗೋಡೆಯನ್ನು ಸುಲಭವಾಗಿ ದಾಟುತ್ತದೆ. ಅದನ್ನು ತಡೆಯಲು ರಜಾಯಿಯಿಂದ ಆಗದು.

ಇನ್ನು ಮೈಕ್. ಸ್ಥೂಲವಾಗಿ ಎರಡು ಬಗೆ. ಡೈನಾಮಿಕ್ ಮೈಕ್ ಗಟ್ಟಿಮುಟ್ಟಾದದ್ದು, ಹತ್ತಿರದ ದನಿಯನ್ನು ಹಿಡಿದು ದೂರದ ಸದ್ದನ್ನು ಅಷ್ಟಾಗಿ ಲಕ್ಷಿಸುವುದಿಲ್ಲ. ನಮ್ಮ ವೇದಿಕೆಗಳಲ್ಲಿ ಕಾಣುವ ಶ್ಯೂರ್ ಎಸ್‌ಎಂ58, 1966ರಿಂದಲೂ ಬಳಕೆಯಲ್ಲಿದ್ದು ಇಂದಿಗೂ ಹಳತಾಗಿಲ್ಲ. ಕಂಡೆನ್ಸರ್ ಮೈಕ್ ಸೂಕ್ಷ್ಮ. ವೀಣೆಯ ತಂತಿ ಅಡಗುವ ಕೊನೆಯ ಎಳೆಯನ್ನೂ ಹಿಡಿಯುತ್ತದೆ, ಜೊತೆಗೆ ಪಕ್ಕದ ಬೀದಿಯ ಹಾರನ್ನನ್ನೂ. ಅದಕ್ಕೆ 48 ವೋಲ್ಟ್ ಶಕ್ತಿ ಬೇಕು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಆಡಿಯೋ ಇಂಟರ್‌ಫೇಸ್ ಪೆಟ್ಟಿಗೆಯೇ ಒದಗಿಸುತ್ತದೆ. ಶಾಂತವಾದ, ಮೆತ್ತನೆಯ ಕೋಣೆಯಿದ್ದರೆ ಕಂಡೆನ್ಸರ್. ಇಲ್ಲವಾದರೆ ಡೈನಾಮಿಕ್ ಮೈಕ್ ತೆಗೆದುಕೊಂಡು ನೆಮ್ಮದಿಯಾಗಿರಿ. ಎರಡು ಕಳಪೆ ಮೈಕ್‌ಗಳಿಗಿಂತ ಒಂದು ಒಳ್ಳೆಯದು ಮೇಲು. ಈ ದೇಶದ ಧೂಳು ಅತಿ ಸಣ್ಣದು. ಕೆಲಸ ಮುಗಿದೊಡನೆ ಮೈಕನ್ನು ಮುಚ್ಚಳವಿರುವ ಡಬ್ಬಿಯಲ್ಲಿಡುವ ರೂಢಿ ಮಾಡಿಕೊಳ್ಳಿ.

ಬರೀ ಫೋನ್ ಇದ್ದರೆ? ಆಗಲೂ ಮುದ್ರಿಸಿ. ಆದರೆ ವಿಮಾನದ ಮೋಡ್‌ಗೆ ಹಾಕಿ, ಮೇಜಿನ ಮೇಲೆ ನೇರವಾಗಿ ಇಡದೆ ಮಡಿಸಿದ ಟವೆಲಿನ ಮೇಲಿಟ್ಟು, ಹಾಡುವವರ ಹತ್ತಿರಕ್ಕೆ ತನ್ನಿ. ಮೇಲೆ ಹೇಳಿದ ಕುಟುಂಬದವರ ಫೋನು ಒಳ್ಳೆಯದೇ ಆಗಿತ್ತು. ಅದು ಇದ್ದ ಸ್ಥಳ ಕೆಟ್ಟದಾಗಿತ್ತು. ದೂರ ಎರಡರಷ್ಟಾದರೆ ನೇರ ದನಿ ಆರು ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಆದ್ದರಿಂದ ಮೈಕ್ ಬಾಯಿಯಿಂದ ಒಂದು ಗೇಣಿನ ಆಸುಪಾಸಿನಲ್ಲಿರಲಿ. ತೀರ ಹತ್ತಿರ ತಂದರೂ ಕಷ್ಟವೇ: ಒಂದು ದಿಕ್ಕಿಗೆ ಮಾತ್ರ ಕಿವಿಗೊಡುವ ಮೈಕ್‌ಗಳು ನಾಲ್ಕು ಬೆರಳಿನ ದೂರದಲ್ಲಿ ತಗ್ಗಿನ ಸ್ವರಗಳನ್ನು ಅಸಹಜವಾಗಿ ಉಬ್ಬಿಸುತ್ತವೆ.

ನಮ್ಮ ಭಾಷೆಗೇ ಸಂಬಂಧಿಸಿದ ಒಂದು ಸಂಗತಿ. ಪಕಾರ, ಬಕಾರಗಳೂ ಅವುಗಳ ಮಹಾಪ್ರಾಣಗಳಾದ ಫಕಾರ, ಭಕಾರಗಳೂ ಬಾಯಿಂದ ಗಾಳಿಯನ್ನು ಗುಂಡಿನಂತೆ ಸಿಡಿಸುತ್ತವೆ. ದೇವರನಾಮಗಳಲ್ಲಿ ಇವು ಎಷ್ಟು ಬರುತ್ತವೆಂಬುದನ್ನು ಹೇಳಬೇಕಾಗಿಲ್ಲ. ಆ ಗಾಳಿ ಮೈಕಿಗೆ ಬಡಿದರೆ ‘ಧಬ್’ ಎಂಬ ಸದ್ದು ಮುದ್ರಿತವಾಗುತ್ತದೆ, ಅದನ್ನು ಆಮೇಲೆ ತೆಗೆಯುವುದು ಕಷ್ಟ. ಕಸೂತಿಯ ಚೌಕಟ್ಟಿಗೆ ಹಳೆಯ ನೈಲಾನ್ ಕಾಲುಚೀಲವನ್ನು ಬಿಗಿದು ಬಾಯಿಗೂ ಮೈಕಿಗೂ ನಡುವೆ ನಿಲ್ಲಿಸಿದರೆ ತೀರಿತು. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಕೊಂಚ ಪಕ್ಕಕ್ಕೆ, ಮೂಗಿನ ಎತ್ತರಕ್ಕೆ ಇಟ್ಟರೆ ಸಕಾರ, ಶಕಾರಗಳ ಸೀಳೂ ತಗ್ಗುತ್ತದೆ.

ಶ್ರುತಿಯ ವಿಷಯ ಸೂಕ್ಷ್ಮವಾದದ್ದು. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜ್‌ನಾರಾಯಣ್ ಅವರು ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದಂದಿನಿಂದ ಪರದೇಶದ ಸಂಗೀತಾಭ್ಯಾಸಿಗಳ ಬಾಳು ಹಗುರವಾಗಿದೆ. ಈಗಂತೂ ಅದು ಫೋನಿನಲ್ಲೇ ಇದೆ. ಆದರೆ ಅದರ ನಾದ ಅದೇ ಮೈಕಿಗೆ ಸೇರಿಕೊಂಡರೆ ಆಮೇಲೆ ಬೇರ್ಪಡಿಸಲಾಗದು. ಹಾಡುವವರು ಒಂದು ಕಿವಿಗೆ ಮಾತ್ರ ಹೆಡ್‌ಫೋನ್ ಹಾಕಿಕೊಂಡು ಅದರಲ್ಲಿ ಶ್ರುತಿ ಕೇಳಲಿ, ಇನ್ನೊಂದು ಕಿವಿ ತೆರೆದಿರಲಿ. ತಂಬೂರದ ನಾದವನ್ನು ಬೇರೆ ಪಟ್ಟಿಯಲ್ಲಿ ಸೇರಿಸಿಕೊಳ್ಳಬಹುದು. ಹಿರಿಯರಿಗೆ ಈ ಕಿವಿಯ ಸಂಕೋಲೆ ಒಗ್ಗದಿದ್ದರೆ ಒತ್ತಾಯ ಬೇಡ. ಶ್ರುತಿಪೆಟ್ಟಿಗೆಯನ್ನು ಮೈಕಿನ ಬೆನ್ನ ಕಡೆಗೆ, ತಗ್ಗಿದ ದನಿಯಲ್ಲಿ ಇಡಿ. ಜನಪದ ಹಾಡಿಗೆ ಅದೂ ಬೇಡ.

ವಾದ್ಯಗಳ ಬಗೆಗೆ ಬೇಗ ಹೇಳಿ ಮುಗಿಸುತ್ತೇನೆ. ಪಿಟೀಲಿಗೆ ಮೈಕ್ ಒಂದು ಮೊಳದ ದೂರದಲ್ಲಿ, ಕುದುರೆಯ ಕಡೆಗೆ ಮುಖ ಮಾಡಿರಲಿ. ದೊಡ್ಡ ಸಭೆಗಳಲ್ಲಿ ನಾದ ದೂರ ಮುಟ್ಟಲೆಂದು ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನೇ ಮಾಡಿಸಿಕೊಂಡಿದ್ದರು. ನಮ್ಮ ಸಮಸ್ಯೆ ತಿರುಗುಮುರುಗು. ಸಣ್ಣ ಕೋಣೆಯಲ್ಲಿ ನಾದ ಹೆಚ್ಚಾಗುವುದೇ ಇಲ್ಲಿ ತೊಂದರೆ. ಕೊಳಲಿಗೆ ಊದುವ ರಂಧ್ರದ ನೇರಕ್ಕೆ ಮೈಕ್ ಇಡಬೇಡಿ, ಕೊಂಚ ಮೇಲಿರಲಿ. ವೀಣೆಗೆ ಬುರುಡೆ ಮತ್ತು ಕುದುರೆಯ ನಡುವಿನ ಜಾಗವನ್ನು ಗುರಿಯಿಡಿ. ಮೃದಂಗ ಗಾಯನದೊಡನೆ ಒಂದೇ ಕೋಣೆಯಲ್ಲಿದ್ದರೆ ಎಲ್ಲ ಮೈಕ್‌ಗಳಿಗೂ ನುಗ್ಗುತ್ತದೆ. ಗಾಯಕರಿಂದ ಅವರ ಮೈಕಿಗೆ ಎಷ್ಟು ದೂರವೋ ಅದರ ಮೂರರಷ್ಟು ದೂರ ಎರಡು ಮೈಕ್‌ಗಳ ನಡುವೆ ಇರಬೇಕೆಂಬುದು ಒಳ್ಳೆಯ ಲೆಕ್ಕ. ಹವಾನಿಯಂತ್ರಿತ ಕೋಣೆಯ ಒಣ ಗಾಳಿಗೆ ಎಡಮುಖದ ರವೆ ಬೇಗ ಒಣಗುತ್ತದೆ, ಶ್ರುತಿ ಏರುತ್ತದೆ. ಪ್ರತಿ ಹಾಡಿನ ಮೊದಲೂ ಪರೀಕ್ಷಿಸಿಕೊಳ್ಳಿ.

ಮುದ್ರಣದ ಮಟ್ಟವನ್ನು ನಿಶ್ಚಯಿಸುವಾಗ ಹಾಡುವವರಿಂದ ‘ಹಲೋ, ಒಂದು, ಎರಡು’ ಎನ್ನಿಸಬೇಡಿ. ತಾರಸ್ಥಾಯಿಯ ಅತಿ ಎತ್ತರದ ಸಂಗತಿಯನ್ನು ಹಾಡಿಸಿ, ಆಗ ಸೂಚಕವು ಸೊನ್ನೆಗಿಂತ 12 ಡೆಸಿಬೆಲ್ ಕೆಳಗಿರುವಂತೆ ನೋಡಿಕೊಳ್ಳಿ. ಕ್ಯಾಸೆಟ್ಟಿನ ಕಾಲದಲ್ಲಿ ಪಟ್ಟಿಯ ಹಿಸ್ಸೆಂಬ ಸದ್ದನ್ನು ಮುಚ್ಚಲು ಮಟ್ಟವನ್ನು ಆದಷ್ಟು ಏರಿಸಬೇಕಾಗಿತ್ತು. 24 ಬಿಟ್ಟಿನ ಇಂದಿನ ಮುದ್ರಣದಲ್ಲಿ ಆ ಹೆದರಿಕೆಯಿಲ್ಲ. ಸೊನ್ನೆಯನ್ನು ದಾಟಿ ಒಡೆದ ದನಿಯನ್ನು ಮಾತ್ರ ಮತ್ತೆ ಪೂರ್ತಿ ಸರಿಪಡಿಸಲಾಗದು. 24 ಬಿಟ್, 48 ಸಾವಿರ ಹರ್ಟ್ಜ್‌ನಲ್ಲಿ ಒಂದೇ ಮೈಕಿನ ಮುದ್ರಣಕ್ಕೆ ನಿಮಿಷಕ್ಕೆ ಎಂಟೂಮುಕ್ಕಾಲು ಮೆಗಾಬೈಟಿಗಿಂತ ತುಸು ಕಡಿಮೆ ಜಾಗ ಬೇಕಾಗುತ್ತದೆ. ಒಂದು ಗಂಟೆಗೆ ಸುಮಾರು 520 ಮೆಗಾಬೈಟು. ಈಗಿನ ದಿನಗಳಲ್ಲಿ ಇದು ದೊಡ್ಡ ಭಾರವಲ್ಲ. ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿ ಬ್ಯಾಟರಿಯ ಮೇಲೆ ನಡೆಸಿದರೆ ಬಹಳ ಸಲ 50 ಹರ್ಟ್ಜ್‌ನ ಗುಂಯ್‌ಗಾಟವೂ ತಪ್ಪುತ್ತದೆ. ತಂತ್ರಾಂಶಕ್ಕೆ ದುಡ್ಡು ಸುರಿಯಬೇಕಾಗಿಲ್ಲ. 2000ದಲ್ಲಿ ಬಂದ ಆಡಾಸಿಟಿ ಈಗಲೂ ಉಚಿತವಾಗಿ ಸಿಗುತ್ತದೆ.

ಮುದ್ರಣದ ನಂತರದ ಅಲಂಕಾರದಲ್ಲಿ ನಾನು ಸ್ವಲ್ಪ ಮಡಿವಂತ. 80 ಹರ್ಟ್ಜ್‌ಗಿಂತ ಕೆಳಗಿನ ಗೊರಗೊರವನ್ನು ತೆಗೆಯಿರಿ, ತೀರ ತಗ್ಗಿದ ಸಾಲುಗಳನ್ನು ಕೊಂಚ ಎತ್ತಿರಿ. ಕೃತಕ ಅನುರಣನವನ್ನು ಪಾಯಸಕ್ಕೆ ಏಲಕ್ಕಿ ಹಾಕಿದಂತೆ ಬಳಸಿ, ಏಲಕ್ಕಿಯೇ ಪಾಯಸವಾಗಬಾರದು. ಸದ್ದು ಅಳಿಸುವ ತಂತ್ರಾಂಶಗಳನ್ನು ಜೋರಾಗಿ ಓಡಿಸಿದರೆ ಸದ್ದಿನ ಜೊತೆಗೆ ಸಕಾರ ಹಕಾರಗಳೂ ಅಳಿಸಿಹೋಗಿ, ಅಜ್ಜಿ ನೀರಿನೊಳಗಿನಿಂದ ಹಾಡಿದಂತಾಗುತ್ತದೆ. 1997ರಲ್ಲಿ ಬಂದ ಆಟೋಟ್ಯೂನ್ ಮತ್ತು ಅದರ ಸಂತತಿಯನ್ನಂತೂ ನಮ್ಮ ಸಂಗೀತದಿಂದ ದೂರವಿಡುವುದೇ ಲೇಸು. ಅದು ಸ್ವರವನ್ನು ಹತ್ತಿರದ ಮೆಟ್ಟಿಲಿಗೆ ಎಳೆದು ನಿಲ್ಲಿಸುತ್ತದೆ. ನಮ್ಮ ರಾಗ ಬದುಕಿರುವುದು ಮೆಟ್ಟಿಲುಗಳ ನಡುವೆ. ತೋಡಿಯ ಗಾಂಧಾರ ತೂಗಾಡುವುದನ್ನು ಆ ಯಂತ್ರ ದೋಷವೆಂದು ತಿಳಿದು ತಿದ್ದಿಬಿಟ್ಟೀತು! ಮಕ್ಕಳ ಶ್ರುತಿ ಸರಿಯಿಲ್ಲದಿದ್ದರೆ ಇನ್ನೊಮ್ಮೆ ಹಾಡಿಸಿ.

ಹಿರಿಯರನ್ನು ಮುದ್ರಿಸುವಾಗ ಯಂತ್ರಕ್ಕಿಂತ ನಡವಳಿಕೆ ಮುಖ್ಯವಾಗುತ್ತದೆ. ಕುರ್ಚಿಯಲ್ಲಿ ಕೂರಿಸಿ ಮೈಕ್ ಮುಂದಿಟ್ಟು ‘ಹಾಂ, ಈಗ ಹಾಡಿ’ ಎಂದರೆ ‘ನನಗೇನೂ ಬರುವುದಿಲ್ಲಪ್ಪ’ ಎಂಬ ಉತ್ತರ ಖಂಡಿತ. ನೆಲದ ಮೇಲೆ, ಅವರಿಗೆ ರೂಢಿಯಾದಂತೆ ಕೂರಲಿ. ಮುದ್ರಣವನ್ನು ಮೊದಲೇ ಆರಂಭಿಸಿಟ್ಟಿದ್ದೀರೆಂದು ಅವರಿಗೆ ತಿಳಿಸಿ, ಮಾತಿಗೆ ಕೂರಿ. ಮದುವೆಯಲ್ಲಿ ಈ ಹಾಡನ್ನು ಯಾವಾಗ ಹೇಳುತ್ತಾರೆ, ಯಾರಿಂದ ಕಲಿತಿರಿ, ಇನ್ನೊಂದು ಧಾಟಿ ಇದೆಯೇ ಎಂದು ಕೇಳಿ. ಮಾತು ತಾನಾಗಿ ಹಾಡಿಗೆ ತಿರುಗುತ್ತದೆ. ಬೀಸುವ ಪದವಾದರೆ ಕೈಗೆ ಏನಾದರೂ ಕೆಲಸ ಕೊಡಿ. ಕೈ ತಿರುಗದೆ ಆ ಪದದ ಲಯ ನೆನಪಿಗೆ ಬರುವುದಿಲ್ಲ. ಹಿಂದಿನಿಂದ ದನಿಗೂಡಿಸುವವರು ಬೇಕಾದ ಹಾಡಿಗೆ ಮೊಮ್ಮಕ್ಕಳನ್ನೇ ಕೂರಿಸಿ. ಮಕ್ಕಳ ತಪ್ಪು ಉಚ್ಚಾರವನ್ನು ಅಜ್ಜಿ ನಡುವೆಯೇ ತಿದ್ದಿದರೆ ಅದನ್ನು ಕತ್ತರಿಸಬೇಡಿ. ನಡುವೆ ಕೆಮ್ಮು ಬಂತೆಂದು ಮುದ್ರಣ ನಿಲ್ಲಿಸಲೂ ಬೇಡಿ.

ಗೌಹರ್ ಜಾನ್ ಅವರ ಮಾತನ್ನು ಈಗ ಎತ್ತುತ್ತೇನೆ. ಪ್ರತಿ ಮುದ್ರಣದ ಮೊದಲಿಗೆ ಒಬ್ಬರು ಸ್ಪಷ್ಟವಾಗಿ ಹೇಳಲಿ: ಹಾಡುವವರ ಹೆಸರು, ಊರು, ತಾಲೂಕು, ದಿನಾಂಕ, ಹಾಡಿನ ಬಗೆ, ಮುದ್ರಿಸಿದ ಸ್ಥಳ ಅಲ್ ಗರಾಫಾ. ಕಡತದ ಹೆಸರು ಕಳೆಯಬಹುದು, ಬದಲಾಗಬಹುದು. ದನಿಯೊಳಗೇ ಸೇರಿದ ಹೆಸರು ಕಳೆಯುವುದಿಲ್ಲ. ಮೂಲ ಮುದ್ರಣವನ್ನು ವೇವ್ ರೂಪದಲ್ಲೇ ಉಳಿಸಿ, ಎಂಪಿ3 ಮಾಡಿದ್ದು ಹಂಚುವುದಕ್ಕೆ ಮಾತ್ರ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಧ್ವನಿಸಂದೇಶವಾಗಿ ಅಲ್ಲ, ದಾಖಲೆಯಾಗಿ ಕಳಿಸಿ. ಮೂರು ಪ್ರತಿಗಳಿರಲಿ: ಒಂದು ಇಲ್ಲಿಯ ಕಂಪ್ಯೂಟರಿನಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಒಂದು ಊರಿನಲ್ಲಿರುವ ಅಣ್ಣನ ಅಥವಾ ಅಕ್ಕನ ಮನೆಯಲ್ಲಿ.

ಸಭೆಯಲ್ಲಿ ಸಹೋದರಿಯೊಬ್ಬರು ಹಳೆಯ ಕ್ಯಾಸೆಟ್ಟುಗಳ ಬಗೆಗೆ ಕೇಳಿದರು. ಒಳ್ಳೆಯ ಪ್ರಶ್ನೆ. 1978ರಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದ ನಂತರ ಭಾವಗೀತೆ ಮನೆಮನೆಯ ಮಾತಾಯಿತು. ಅಂಥ ಸುರುಳಿಗಳನ್ನು ಮರಳಿ ಕೊಳ್ಳಬಹುದು. ಗಲ್ಫಿನ ದುಡಿಮೆಗಾರರು ಟೂ-ಇನ್-ಒನ್ ಮುಂದೆ ಕುಳಿತು ಕ್ಯಾಸೆಟ್ಟಿನಲ್ಲೇ ಮುದ್ರಿಸಿ ಊರಿಗೆ ಕಳಿಸಿದ ಮಾತಿನ ಪತ್ರಗಳಿಗೆ, ಊರಿನಿಂದ ಬಂದ ಉತ್ತರಗಳಿಗೆ ಇನ್ನೊಂದು ಪ್ರತಿಯಿಲ್ಲ. ಅವುಗಳಿಂದಲೇ ಆರಂಭಿಸಿ. ಮೊದಲು ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿಯಿರಿ. ಮರೆತೂ ಮೇಲೆ ಇನ್ನೊಂದು ಮುದ್ರಣ ಆಗದು. ಯಂತ್ರದ ತಲೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೊಯ್ಸಿದ ಹತ್ತಿಯಿಂದ ಒರೆಸಿ. ಸುರುಳಿಯನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಮರಳಿ ಸುತ್ತಿ, ಅಂಟಿಕೊಂಡ ಸುತ್ತುಗಳು ಬಿಡುತ್ತವೆ. 120 ನಿಮಿಷದ ಕ್ಯಾಸೆಟ್ಟುಗಳ ಪಟ್ಟಿ ತೀರ ತೆಳು, ಅವನ್ನು ಒಳ್ಳೆಯ ಯಂತ್ರದಲ್ಲಿ ಮಾತ್ರ ಹಾಕಿ. ಹೆಡ್‌ಫೋನ್ ಕಿಂಡಿಯಿಂದಲ್ಲ, ಲೈನ್ ಔಟ್ ಕಿಂಡಿಯಿಂದ ಇಂಟರ್‌ಫೇಸಿಗೆ ತಂತಿ ಎಳೆದು, ಎರಡೂ ಬದಿಗಳನ್ನು ನಡುವೆ ನಿಲ್ಲಿಸದೆ ಪೂರ್ತಿ ಇಳಿಸಿಕೊಳ್ಳಿ. ಖಾಲಿ ಎಂದು ತೋರುವ ಕೊನೆಯ ಭಾಗವನ್ನೂ ಬಿಡಬೇಡಿ, ಅಲ್ಲಿ ಯಾರಾದರೂ ಮಾತನಾಡಿರುವುದುಂಟು. ಇಳಿಸಿಕೊಂಡ ಮೇಲೂ ಕ್ಯಾಸೆಟ್ಟನ್ನು ಎಸೆಯದೆ ಇಡಿ. ಜುಲೈ ತಿಂಗಳಿನಲ್ಲಿ ಕಾರಿನೊಳಗೆ ಮಾತ್ರ ಮರೆತು ಬರಬೇಡಿ.